ವನ್ನಿಯಲ್ಲಿ ಎಲ್‌ಟಿಟಿಇ ಆಡಳಿತ: ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು?

ಮಲಪ್ರಭಾ:

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಈಗಷ್ಟೇ ನೋಂದಣಿ ಮಾಡಿಸಿದ್ದೇನೆ. ಸರಕಾರದ ಹೊರಗಿನ ಸಶಸ್ತ್ರ ಗುಂಪುಗಳು ತಮ್ಮ ಹಿಡಿತದಲ್ಲಿರುವ ಪ್ರದೇಶವನ್ನು ಹೇಗೆ ಆಳುತ್ತವೆ ಎಂಬುದು ನನ್ನ ವಿಷಯ. ಅದಕ್ಕಾಗಿ ಶ್ರೀಲಂಕಾದ ಉತ್ತರದಲ್ಲಿರುವ ವನ್ನಿ ಪ್ರದೇಶವನ್ನು ಆರಿಸಿಕೊಂಡಿದ್ದೇನೆ. ಅದನ್ನು ಆಳಿದ್ದು ತಮಿಳರಿಗೆ ಪ್ರತ್ಯೇಕ ರಾಷ್ಟ್ರಕ್ಕಾಗಿ ಸರಕಾರದೊಂದಿಗೆ ಯುದ್ಧ ಮಾಡಿದ ಸಂಘಟನೆ ಎಲ್‌ಟಿಟಿಇ. ಎಲ್‌ಟಿಟಿಇ 1991ರಲ್ಲಿ ತನ್ನದೇ ಪೊಲೀಸ್ ಪಡೆಯನ್ನು ಕಟ್ಟಿತು, 1993ರಿಂದ ನ್ಯಾಯಾಲಯಗಳನ್ನು ನಡೆಸಿತು, 1994ರಲ್ಲಿ ಬ್ಯಾಂಕನ್ನೂ ತೆರೆಯಿತು. 2002ರ ಫೆಬ್ರವರಿ 22ರ ಕದನವಿರಾಮ ಒಪ್ಪಂದದ ನಂತರ ಸಂಘಟನೆಯ ಆಡಳಿತ ಕೇಂದ್ರವಾಗಿದ್ದ ಕಿಳಿನೊಚ್ಚಿಗೆ ಬಂದ ವಿದೇಶಿ ಪತ್ರಕರ್ತರು ಅಲ್ಲಿನ ಸಂಚಾರ ಪೊಲೀಸರನ್ನೂ ಕೋರ್ಟು ಕಟ್ಟಡಗಳನ್ನೂ ನೋಡಿ, ಇದೊಂದು ರಾಷ್ಟ್ರವೇ ಆಗಿಬಿಟ್ಟಿದೆ ಎಂಬ ಧಾಟಿಯಲ್ಲಿ ಬರೆದರು.

ಇದುವರೆಗೆ ನಾನು ಓದಿರುವ ಬರಹಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಇದೆಲ್ಲ ಬಂದೂಕಿನ ಮೊನೆಯ ಸುಲಿಗೆ, ಆಡಳಿತವೆಂಬ ಮಾತನ್ನೇ ಇದಕ್ಕೆ ಬಳಸಬಾರದು ಎನ್ನುವುದು ಒಂದು ಬಗೆ. ಸಂಸ್ಥೆಗಳ ಪಟ್ಟಿಯನ್ನು ಮುಂದಿಟ್ಟು ಜನರ ಸಮ್ಮತಿ ಇದ್ದುದರಿಂದಲೇ ಇಷ್ಟೆಲ್ಲ ಸಾಧ್ಯವಾಯಿತು ಎನ್ನುವುದು ಇನ್ನೊಂದು. ನನ್ನ ಮಾರ್ಗದರ್ಶಕರು ಎರಡನ್ನೂ ಬದಿಗಿಟ್ಟು ಆಧಾರಗಳಿಂದ ಆರಂಭಿಸು ಎಂದಿದ್ದಾರೆ. ಯಾವ ಆಧಾರ, ಯಾವ ಪ್ರಶ್ನೆ, ಯಾವ ಕಾಲಾವಧಿ ಎಂಬಲ್ಲೇ ನಿಂತಿದ್ದೇನೆ. ಈ ವಿಷಯದಲ್ಲಿ ಓದಿದವರು, ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಸಂದರ್ಶನಗಳನ್ನು ಮಾಡಬೇಕೇ ಬೇಡವೇ ಎಂಬ ಬಗ್ಗೆಯೂ ತಿಳಿಸಿ.

ಶಾಸನಪ್ರಿಯ:

ಸಂಸ್ಥೆಗಳ ಪಟ್ಟಿಯಿಂದ ಆರಂಭಿಸಬೇಡಿ ಎಂಬುದು ನನ್ನ ಮೊದಲ ಸಲಹೆ. ಪೊಲೀಸು, ಕೋರ್ಟು, ಬ್ಯಾಂಕು ಎಂದು ಬರೆದ ಪಟ್ಟಿಯು ಆ ಸಂಘಟನೆ ತನ್ನನ್ನು ಹೊರಗಿನವರಿಗೆ ತೋರಿಸಿಕೊಳ್ಳಲು ಬಯಸಿದ ರೂಪ. ಆ ಪಟ್ಟಿಯಲ್ಲಿ ಇಲ್ಲದಿರುವುದನ್ನು ನೋಡಿ. ವನ್ನಿಯ ಶಾಲಾ ಶಿಕ್ಷಕರಿಗೆ ಸಂಬಳ ಕೊಡುತ್ತಿದ್ದುದು ಕೊಲಂಬೊ ಸರಕಾರ. ಆಸ್ಪತ್ರೆಯ ವೈದ್ಯರು, ಅಂಚೆ ನೌಕರರು, ಗ್ರಾಮಮಟ್ಟದ ಅಧಿಕಾರಿಗಳು ಕೂಡ ಸರಕಾರದ ಸಂಬಳದವರೇ ಆಗಿದ್ದರು. ಮಕ್ಕಳು ಬರೆಯುತ್ತಿದ್ದುದು ಶ್ರೀಲಂಕಾ ಪರೀಕ್ಷಾ ಇಲಾಖೆಯ ಪರೀಕ್ಷೆ, ಜೇಬಿನಲ್ಲಿದ್ದುದು ಶ್ರೀಲಂಕಾದ ರೂಪಾಯಿ. ಪ್ರತಿ ಜಿಲ್ಲೆಯಲ್ಲೂ ಕೊಲಂಬೊ ನೇಮಿಸಿದ ಸರಕಾರಿ ಏಜೆಂಟರು, ಅಂದರೆ ನಮ್ಮ ಜಿಲ್ಲಾಧಿಕಾರಿಗೆ ಸಮಾನರಾದವರು, ತಮ್ಮ ಕಚೇರಿಯನ್ನು ತೆರೆದುಕೊಂಡೇ ಇದ್ದರು. ಪಡಿತರ, ಔಷಧಿ, ಅನುದಾನ ಆ ಕಚೇರಿಯ ಮೂಲಕ ಬರುತ್ತಿದ್ದವು. ಆದರೆ ಅವು ಯಾರಿಗೆ, ಯಾವಾಗ, ಯಾವ ಕ್ರಮದಲ್ಲಿ ತಲುಪಬೇಕೆಂಬುದರಲ್ಲಿ ಸಂಘಟನೆಯ ಮಾತನ್ನು ಮೀರಿ ನಡೆಯುವುದು ಆ ಅಧಿಕಾರಿಗೆ ಸಾಧ್ಯವಿರಲಿಲ್ಲ.

ತಾನು ಬಾಂಬು ಹಾಕುತ್ತಿರುವ ಪ್ರದೇಶದ ಶಿಕ್ಷಕರಿಗೆ ಸರಕಾರ ಸಂಬಳವನ್ನೂ ಕಳುಹಿಸುತ್ತದೆ. ಆ ಸರಕಾರವನ್ನೇ ಒಪ್ಪದ ಸಂಘಟನೆ ಅದರ ಸಂಬಳ, ಪರೀಕ್ಷೆ, ನಾಣ್ಯವನ್ನು ತಡೆಯದೆ ಬಿಡುತ್ತದೆ. ಸರಕಾರಕ್ಕೆ ಆ ಜನ ತನ್ನ ಪ್ರಜೆಗಳೆಂಬ ಹಕ್ಕನ್ನು ಉಳಿಸಿಕೊಳ್ಳಬೇಕಿತ್ತು. ಸಂಘಟನೆಗೆ ತಾನು ಖರ್ಚು ಮಾಡಬೇಕಾದ ಹಣ ಉಳಿಯುತ್ತಿತ್ತು, ಆ ಹಣ ಯುದ್ಧಕ್ಕೆ ಒದಗುತ್ತಿತ್ತು. ಆದ್ದರಿಂದ ‘ಎಲ್‌ಟಿಟಿಇ ಹೇಗೆ ಆಳಿತು’ ಎಂಬ ಪ್ರಶ್ನೆಯನ್ನು ಒಂಟಿಯಾಗಿ ಕೇಳಿದರೆ ಉತ್ತರ ವಕ್ರವಾಗುತ್ತದೆ. ಒಂದೇ ಮೇಜಿನ ಮೇಲೆ ಎರಡು ಅಧಿಕಾರಗಳ ಕಾಗದ ಬಂದಾಗ ಯಾವುದಕ್ಕೆ ಮೊದಲು ಸಹಿ ಬೀಳುತ್ತಿತ್ತು ಎಂದು ಕೇಳಿ.

ಒಂದು ಸಣ್ಣ ವಿವರವನ್ನು ಹೇಳುತ್ತೇನೆ. 1996ರಲ್ಲಿ ವಿದ್ಯುತ್ ಅಭಾವದ ಕಾರಣಕ್ಕೆ ಶ್ರೀಲಂಕಾ ತನ್ನ ಗಡಿಯಾರವನ್ನು ಮುಂದಕ್ಕೆ ಹಾಕಿತು. ಮೊದಲು ಒಂದು ಗಂಟೆ ಮುಂದೆ ಹೋಗಿ, ಅದೇ ವರ್ಷ ಅಕ್ಟೋಬರಿನಲ್ಲಿ ಅರ್ಧ ಗಂಟೆಗೆ ಇಳಿಯಿತು. ಎಲ್‌ಟಿಟಿಇ ಈ ಬದಲಾವಣೆಯನ್ನು ಒಪ್ಪಲಿಲ್ಲ. 2006ರ ಏಪ್ರಿಲ್‌ನಲ್ಲಿ ಇಡೀ ದೇಶ ಹಳೆಯ ಸಮಯಕ್ಕೆ ಮರಳುವವರೆಗೂ ವನ್ನಿಯ ಗಡಿಯಾರ ಕೊಲಂಬೊದ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆಯೇ ಇತ್ತು. ದಕ್ಷಿಣದಿಂದ ವನ್ನಿಗೆ ಹೋಗುವ ಎ9 ಹೆದ್ದಾರಿಯಲ್ಲಿ ಓಮಂತೈ ಬಳಿಯ ಸೇನಾ ತಪಾಸಣಾ ಠಾಣೆಯಲ್ಲಿ ಹತ್ತು ಗಂಟೆಗೆ ಇಳಿದ ಪ್ರಯಾಣಿಕ, ಸಾಲು, ತಪಾಸಣೆ, ರೆಡ್‌ಕ್ರಾಸ್ ಸಮಿತಿಯವರು ನಿಂತಿದ್ದ ಯಾರದೂ ಅಲ್ಲದ ದಾರಿ ಎಲ್ಲವನ್ನೂ ದಾಟಿ ಆಚೆಯ ಎಲ್‌ಟಿಟಿಇಯ ಪುಳಿಯಂಕುಳಂ ಠಾಣೆಗೆ ಅರ್ಧ ಗಂಟೆಯಲ್ಲಿ ಮುಟ್ಟಿದ್ದಾದರೆ, ಅಲ್ಲಿಯೂ ಹತ್ತೇ ಗಂಟೆಯಾಗಿರುತ್ತಿತ್ತು. ಅಲ್ಲಿ ಸಾಮಾನಿನ ಪಟ್ಟಿ ಒಪ್ಪಿಸಿ, ಸುಂಕ ಕಟ್ಟಿ, ರಶೀದಿ ಪಡೆದು ಮುಂದೆ ಹೋಗಬೇಕಿತ್ತು. ಮುಂದಿನ ರಸ್ತೆಯಲ್ಲಿ ವೇಗದ ಮಿತಿ ಮೀರಿದರೆ ಅವರ ಸಂಚಾರ ಪೊಲೀಸರು ವೇಗಮಾಪಕ ಹಿಡಿದು ದಂಡ ಹಾಕುತ್ತಿದ್ದರು. ಆದರೆ ಆ ವನ್ನಿಯೊಳಗಿನ ಶಾಲೆಯ ಮಗು ಕೊಲಂಬೊದ ಪ್ರಶ್ನೆಪತ್ರಿಕೆಗೇ ಉತ್ತರ ಬರೆಯಬೇಕಿತ್ತು. ಗಡಿಯಾರ ಅವರದು, ಪರೀಕ್ಷೆ ಇವರದು ಎಂಬ ಈ ಸ್ಥಿತಿಯೊಳಗೆ ನಿಮ್ಮ ಪ್ರಬಂಧವಿದೆ ಎಂದು ನಾನು ಭಾವಿಸುತ್ತೇನೆ.

ಕಡಲತಡಿ:

ಶಾಸನಪ್ರಿಯ ಅವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಕೊಡಬಯಸುತ್ತೇನೆ. ಎರಡು ಅಧಿಕಾರಗಳ ನಡುವಿನ ಹೊಂದಾಣಿಕೆಯನ್ನೇ ನೋಡುತ್ತ ಹೋದರೆ, ಆ ಹೊಂದಾಣಿಕೆಗೆ ಮೊದಲೇ ಹೊರಗೆ ಹಾಕಲ್ಪಟ್ಟವರು ಅಧ್ಯಯನದಿಂದಲೂ ಹೊರಗೆ ಉಳಿಯುತ್ತಾರೆ.

1990ರ ಅಕ್ಟೋಬರಿನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತದ ಮುಸ್ಲಿಮರನ್ನು ಸಾರಾಸಗಟಾಗಿ ಹೊರಗಟ್ಟಿತು. ಸುಮಾರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಮನೆ ಬಿಟ್ಟರು. ಜಾಫ್ನಾ ನಗರದಲ್ಲಿ ಅಕ್ಟೋಬರ್ 30ರಂದು ಧ್ವನಿವರ್ಧಕದ ಮೂಲಕ ಮುಸ್ಲಿಂ ಕುಟುಂಬಗಳನ್ನು ಒಸ್ಮಾನಿಯಾ ಕಾಲೇಜಿನ ಮೈದಾನಕ್ಕೆ ಕರೆಸಿ, ಎರಡು ಗಂಟೆಯೊಳಗೆ ಊರು ಬಿಡಬೇಕೆಂದು ಹೇಳಲಾಯಿತು. ದಾರಿಯಲ್ಲಿ ಸಾಲಾಗಿ ನಿಲ್ಲಿಸಿ ಒಡವೆ, ಹಣ, ಆಸ್ತಿಯ ಪತ್ರಗಳನ್ನು ಕಸಿದುಕೊಳ್ಳಲಾಯಿತು. ಬಹುತೇಕರು ಪುತ್ತಳಂ ಕಡೆಗೆ ಹೋಗಿ ಶಿಬಿರಗಳಲ್ಲಿ ನೆಲೆಸಿದರು. ಅಲ್ಲಿಯೇ ಒಂದು ಪೀಳಿಗೆ ಬೆಳೆಯಿತು. ಪೊಲೀಸ್ ಪಡೆ ಹುಟ್ಟಿದ್ದು ಇದಾದ ಮರುವರ್ಷ, ನ್ಯಾಯಾಲಯ ಹುಟ್ಟಿದ್ದು ಮೂರನೆಯ ವರ್ಷ. ಆಸ್ತಿಯ ವ್ಯಾಜ್ಯವನ್ನು ಬೇಗ ಬಗೆಹರಿಸಿದ ಕೋರ್ಟು ಎಂದು ಹೊಗಳುವ ಬರಹ ಓದುವಾಗಲೆಲ್ಲ, ಆಸ್ತಿಯ ಪತ್ರವನ್ನೇ ಕಿತ್ತುಕೊಳ್ಳಲ್ಪಟ್ಟವರು ಆ ಕೋರ್ಟಿನ ಮೆಟ್ಟಿಲನ್ನೇ ಹತ್ತಲಾಗುತ್ತಿರಲಿಲ್ಲ ಎಂಬುದು ನನಗೆ ನೆನಪಾಗುತ್ತದೆ. 2002ರ ಏಪ್ರಿಲ್‌ನ ಕಿಳಿನೊಚ್ಚಿ ಪತ್ರಿಕಾಗೋಷ್ಠಿಯಲ್ಲಿ ಎಲ್‌ಟಿಟಿಇಯ ಮುಖ್ಯ ಸಂಧಾನಕಾರ ಆಂಟನ್ ಬಾಲಸಿಂಗಂ ಅವರು ಈ ಹೊರಗಟ್ಟುವಿಕೆಯನ್ನು ರಾಜಕೀಯ ಪ್ರಮಾದವೆಂದು ಒಪ್ಪಿಕೊಂಡರು. ಹನ್ನೆರಡು ವರ್ಷ ಶಿಬಿರದಲ್ಲಿ ಕಳೆದವರ ಪಾಲಿಗೆ ಆ ಮಾತು ಎಷ್ಟು ತೂಗುತ್ತದೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು.

ಉಳಿದವರಿಗೂ ಹೊರಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ವನ್ನಿ ಬಿಡಬೇಕಾದರೆ ಪಾಸ್ ಬೇಕಿತ್ತು. ಮರಳಿ ಬರುತ್ತೇನೆಂಬುದಕ್ಕೆ ಬಂಧುವೊಬ್ಬರು ಜಾಮೀನಾಗಿ ಹಿಂದೆ ಉಳಿಯಬೇಕಿತ್ತು. 2006ರ ನಂತರ ಮನೆಗೊಬ್ಬರಂತೆ ಹೋರಾಟಕ್ಕೆ ಕಳುಹಿಸಬೇಕೆಂಬ ಕಟ್ಟಳೆ ಬಿಗಿಯಾಯಿತು, ಅದಕ್ಕೂ ಮೊದಲಿನಿಂದಲೇ ಹದಿನೆಂಟು ತುಂಬದ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದ ಬಗ್ಗೆ ಯುನಿಸೆಫ್ ದಾಖಲೆಗಳಿವೆ. ಸಮ್ಮತಿಯ ಬಗ್ಗೆ ಬರೆಯುವವರು ಒಂದೇ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳಲಿ ಎಂಬುದು ನನ್ನ ವಿನಂತಿ: ಬೇಡ ಎನ್ನಲು ಯಾರಿಗೆ ಅವಕಾಶವಿತ್ತು, ಬೇಡ ಎಂದವರಿಗೆ ಏನಾಯಿತು?

ಶಿವಮೊಗ್ಗದ ವಕೀಲ:

ಕಡಲತಡಿ ಅವರ ಪ್ರಶ್ನೆ ಸರಿಯಾಗಿದೆ. ಆದರೂ ಕೋರ್ಟಿನ ವಿಷಯವನ್ನು ಅಷ್ಟಕ್ಕೇ ಮುಗಿಸಬಾರದು. ಜನರು ಭಯದಿಂದ ಹೋದ ಕಡೆಗೂ ಕೆಲವೊಮ್ಮೆ ತಮ್ಮ ಲಾಭಕ್ಕಾಗಿ ಹೋಗುತ್ತಾರೆ. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದು. ಜಾಫ್ನಾ ತಮಿಳರಿಗೆ ‘ತೇಶವಳಮೈ’ ಎಂಬ ಸಾಂಪ್ರದಾಯಿಕ ಕಾನೂನಿದೆ. ಡಚ್ಚರ ಕಾಲದಲ್ಲಿ, 1707ರಲ್ಲಿ, ಬರಹದ ರೂಪಕ್ಕೆ ಬಂದ ಅದು ಇಂದಿಗೂ ಶ್ರೀಲಂಕಾದ ಕೋರ್ಟುಗಳಲ್ಲಿ ಚಾಲ್ತಿಯಲ್ಲಿದೆ. ಅದರಡಿ ವಿವಾಹಿತ ಮಹಿಳೆ ತನ್ನ ಸ್ಥಿರಾಸ್ತಿಯನ್ನು ಮಾರಬೇಕಾದರೆ ಗಂಡನ ಒಪ್ಪಿಗೆ ಬೇಕು. ಎಲ್‌ಟಿಟಿಇ ತಂದ ಸಂಹಿತೆಯು ಮಹಿಳೆಯರ ಆಸ್ತಿ ಹಕ್ಕಿನ ವಿಷಯದಲ್ಲಿ ಈ ಹಳೆಯ ಕಟ್ಟಳೆಯನ್ನು ಬದಲಿಸಿತು, ವರದಕ್ಷಿಣೆಯನ್ನು ನಿಷೇಧಿಸಿತು. ಅದೇ ಕೋರ್ಟುಗಳು ಮರಣದಂಡನೆಯನ್ನೂ ವಿಧಿಸುತ್ತಿದ್ದವು. ನ್ಯಾಯಾಧೀಶರು ಸಂಘಟನೆಯೇ ತರಬೇತಿ ಕೊಟ್ಟು ನೇಮಿಸಿದ ಅದರ ಸದಸ್ಯರಾಗಿದ್ದರು, ಆ ಸಂಘಟನೆಯ ವಿರುದ್ಧವೇ ತೀರ್ಪು ಕೊಡುವ ಕೋರ್ಟು ಅಲ್ಲಿರಲಿಲ್ಲ.

ಈ ಕೊನೆಯ ಸಾಲು ಬಹಳ ಮುಖ್ಯವೆಂದು ವಕೀಲನಾಗಿ ಹೇಳುತ್ತೇನೆ. ಸಾಲ ವಾಪಸು ಕೊಡದ ನೆರೆಮನೆಯವನ ಮೇಲೆ, ಬೇಲಿ ಸರಿಸಿದ ದಾಯಾದಿಯ ಮೇಲೆ ದೂರು ಕೊಟ್ಟವರಿಗೆ ಅಲ್ಲಿ ಬೇಗ ಪರಿಹಾರ ಸಿಕ್ಕಿದ್ದರೆ ಆಶ್ಚರ್ಯವಿಲ್ಲ. ನಮ್ಮ ಸಿವಿಲ್ ಕೋರ್ಟುಗಳಲ್ಲಿ ಒಂದು ವಿಭಾಗ ದಾವೆ ತಲೆಮಾರು ದಾಟುವುದನ್ನು ದಿನವೂ ನೋಡುವ ನನಗೆ, ಆ ವೇಗ ಜನರನ್ನು ಏಕೆ ಸೆಳೆಯುತ್ತದೆಂಬುದು ಚೆನ್ನಾಗಿ ತಿಳಿದಿದೆ. ಆದರೆ ಮಗಳನ್ನು ಎತ್ತಿಕೊಂಡು ಹೋದ ಪಡೆಯ ಮೇಲೆ ತಾಯಿ ದೂರು ಕೊಡಲು ಯಾವ ಮೇಜೂ ಇರಲಿಲ್ಲ. ಪ್ರಬಂಧದಲ್ಲಿ ವ್ಯಾಜ್ಯಗಳನ್ನು ಹೀಗೆ ವಿಂಗಡಿಸಿ ನೋಡಿ: ಜನರ ನಡುವಿನವು ಒಂದು ಕಡೆ, ಜನರು ಮತ್ತು ಆಳುವವರ ನಡುವಿನವು ಇನ್ನೊಂದು ಕಡೆ. ಮೊದಲನೆಯದರ ದಕ್ಷತೆಯನ್ನು ಎರಡನೆಯದರ ನ್ಯಾಯವೆಂದು ಭ್ರಮಿಸುವುದೇ ಈ ವಿಷಯದ ಬರಹಗಳಲ್ಲಿ ನಾನು ಕಂಡಿರುವ ದೊಡ್ಡ ದೋಷ.

ಅಂಕಿಅಂಶ:

ನಾನು ಸಂಖ್ಯೆಗಳ ಬಗ್ಗೆ ಮಾತ್ರ ಬರೆಯುತ್ತೇನೆ. ರಾಜಕೀಯ ಹಿಂಸಾಚಾರದ ಅಧ್ಯಯನಕ್ಕೆ ಇಳಿಯುವವರು ಮೊದಲು ಕೈಹಾಕುವುದು ಸಿದ್ಧ ದತ್ತಾಂಶಗಳಿಗೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶವು ವರ್ಷಕ್ಕೆ ಕನಿಷ್ಠ 25 ಯುದ್ಧಸಂಬಂಧಿ ಸಾವುಗಳಿದ್ದರೆ ಅದನ್ನು ಸಶಸ್ತ್ರ ಸಂಘರ್ಷವೆಂದು ಎಣಿಸುತ್ತದೆ. ದೆಹಲಿಯ ಸಂಸ್ಥೆಯೊಂದು ನಡೆಸುವ ದಕ್ಷಿಣ ಏಷ್ಯಾ ಭಯೋತ್ಪಾದನಾ ಪೋರ್ಟಲ್ ಇದೆ. ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಬಹುಪಾಲು ಪತ್ರಿಕಾ ವರದಿಗಳನ್ನು ಅವಲಂಬಿಸಿವೆ, ಮತ್ತು ಎಣಿಸುವುದು ಸಾವನ್ನು. ಒಂದು ಗುಂಪಿನ ಹಿಡಿತ ಸಂಪೂರ್ಣವಾಗಿರುವ ಕಡೆ ಕೊಲೆಗಳ ಸಂಖ್ಯೆ ಇಳಿಯುತ್ತದೆ, ಏಕೆಂದರೆ ಕೊಲ್ಲುವ ಅಗತ್ಯ ಕಡಿಮೆಯಾಗಿರುತ್ತದೆ. ಹಿಡಿತ ಅಲುಗಾಡುವ ಅಂಚಿನ ಹಳ್ಳಿಗಳಲ್ಲಿ, ಯಾರು ಯಾರಿಗೆ ಸುದ್ದಿ ಕೊಡುತ್ತಾರೆಂಬ ಸಂಶಯವಿರುವ ಕಡೆ, ಸಂಖ್ಯೆ ಏರುತ್ತದೆ. ಹಾಗಾಗಿ ನಕ್ಷೆಯ ಮೇಲೆ ಖಾಲಿಯಾಗಿ ಕಾಣುವ ತಾಲ್ಲೂಕು ಶಾಂತವಾಗಿತ್ತೋ ಅಥವಾ ಬಾಯಿ ಕಟ್ಟಿತ್ತೋ ಎಂಬುದನ್ನು ಆ ನಕ್ಷೆಯಿಂದಲೇ ಹೇಳಲಾಗದು.

ಜನಸಂಖ್ಯೆಯ ಕಥೆ ಇನ್ನೂ ಕಠಿಣ. ಶ್ರೀಲಂಕಾದಲ್ಲಿ 1981ರ ನಂತರ ಜನಗಣತಿ ನಡೆದದ್ದು 2001ರಲ್ಲಿ. ಆಗ 18 ಜಿಲ್ಲೆಗಳಲ್ಲಿ ಮಾತ್ರ ಗಣತಿ ಪೂರ್ಣವಾಯಿತು, ಕಿಳಿನೊಚ್ಚಿ ಮತ್ತು ಮುಲ್ಲೈತೀವು ಅದರಲ್ಲಿ ಇರಲಿಲ್ಲ. ವನ್ನಿಯಲ್ಲಿ ಎಷ್ಟು ಜನರಿದ್ದರೆಂಬುದಕ್ಕೆ ಉಳಿದಿದ್ದ ಮುಖ್ಯ ಆಧಾರವೆಂದರೆ ಶಾಸನಪ್ರಿಯ ಅವರು ಹೇಳಿದ ಸರಕಾರಿ ಏಜೆಂಟರ ಕಚೇರಿಯ ಪಡಿತರ ಪಟ್ಟಿ. ಈ ವಿವರ 2009ರಲ್ಲಿ ಜೀವನ್ಮರಣದ ಪ್ರಶ್ನೆಯಾಯಿತು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಕೊಲಂಬೊ ಸರಕಾರವು ಒಳಗೆ ಉಳಿದಿರುವವರು ಸುಮಾರು 70,000 ಎಂದಿತು. ಮುಲ್ಲೈತೀವಿನ ಅದೇ ಸರಕಾರದ ಅಧಿಕಾರಿಗಳ ಲೆಕ್ಕ ಮೂರು ಲಕ್ಷವನ್ನು ಮೀರಿತ್ತು. ಆಹಾರ, ಔಷಧಿ ಹೋದದ್ದು ಮೊದಲ ಲೆಕ್ಕದ ಪ್ರಕಾರ. ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಶಿಬಿರಗಳಿಗೆ ಜೀವಂತವಾಗಿ ಬಂದವರೇ ಎರಡೂವರೆ ಲಕ್ಷಕ್ಕಿಂತ ಹೆಚ್ಚು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೂ ಇರಬಹುದೆಂದು ಹೇಳಿತು. ಅದೇ ಸಮಿತಿ, ಎಲ್‌ಟಿಟಿಇ ತಪ್ಪಿಸಿಕೊಳ್ಳಲು ಯತ್ನಿಸಿದ ಜನರ ಮೇಲೆ ಗುಂಡು ಹಾರಿಸಿದ್ದನ್ನೂ ದಾಖಲಿಸಿದೆ. ಒಂದು ಜಿಲ್ಲಾ ಕಚೇರಿಯ ಪಡಿತರ ಪಟ್ಟಿಯನ್ನು ನಂಬದೆ ಹೋದದ್ದರ ಪರಿಣಾಮ ಇದು. ಇದನ್ನು ಬರೆಯುವಾಗ ಸಂಶೋಧಕನಿಗೆ ಕೋಪ ಬರಬಾರದೆಂದು ನಾನು ಹೇಳುವುದಿಲ್ಲ.

ಟೊರೊಂಟೊದಿಂದ ಒಬ್ಬ ಓದುಗ:

ಚರ್ಚೆ ವನ್ನಿಯೊಳಗೇ ನಿಂತಿರುವುದರಿಂದ ಒಂದು ಅಂಶವನ್ನು ಸೇರಿಸುತ್ತೇನೆ. ನಾನಿರುವ ಈ ನಗರದಲ್ಲಿ ಶ್ರೀಲಂಕಾದಿಂದ ಬಂದ ತಮಿಳರು ಬಹಳ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅವರಲ್ಲಿ ಹೆಚ್ಚಿನವರು ಅಲ್ಲಿ ತಮಿಳರ ಮೇಲೆ ನಡೆದ 1983ರ ಜುಲೈ ಹತ್ಯಾಕಾಂಡದ ನಂತರ ಬಂದವರು. ಆ ಆಡಳಿತದ ತೆರಿಗೆ ಇಲ್ಲಿಯವರೆಗೂ ಚಾಚಿತ್ತು. 2005ರ ಕೊನೆ ಮತ್ತು 2006ರ ಆರಂಭದಲ್ಲಿ ‘ಕೊನೆಯ ಯುದ್ಧ’ಕ್ಕೆಂದು ಮನೆಮನೆಗೆ ಬಂದು ದೊಡ್ಡ ಮೊತ್ತ ಕೇಳಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2006ರ ಮಾರ್ಚ್‌ನಲ್ಲಿ ವಿವರವಾಗಿ ವರದಿ ಮಾಡಿತು. ಕೊಡದವರಿಗೆ ಊರಿಗೆ ಹೋದಾಗ ತೊಂದರೆಯಾದೀತೆಂಬ ಮಾತು ಬರುತ್ತಿತ್ತು. ಎ9 ರಸ್ತೆಯ ಠಾಣೆಯಲ್ಲಿ ಹೆಸರು ಕೇಳಿದಾಗ ಆ ಮಾತಿಗೆ ಅರ್ಥ ಬರುತ್ತಿತ್ತು. ಆದರೆ ಮನಃಪೂರ್ವಕವಾಗಿ, ಹೆಮ್ಮೆಯಿಂದ ಕೊಟ್ಟವರನ್ನೂ ನಾನು ಬಲ್ಲೆ. ಅವರಲ್ಲಿ ಕೆಲವರು 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟದ್ದನ್ನು ಕಣ್ಣಾರೆ ಕಂಡವರು. ಅವರ ಮುಂದೆ ಕುಳಿತು ‘ನಿಮ್ಮದು ಸಮ್ಮತಿಯೋ ಭಯವೋ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಆ ವರ್ಷ ಬಾಗಿಲಿಗೆ ಯಾರು ಬಂದಿದ್ದರು, ಏನೆಂದು ಕೇಳಿದರು, ಮರುದಿನ ನೀವು ಯಾರ ಜೊತೆ ಮಾತನಾಡಿದಿರಿ’ ಎಂದು ಕೇಳಿದರೆ ಮಾತು ಹೊರಡುತ್ತದೆ.

ಹಸಿರುಗುಡ್ಡ:

ಮಲಪ್ರಭಾ ಅವರೇ, ನಮ್ಮ ಮಲೆನಾಡಿನ ನಕ್ಸಲ್ ಚಳವಳಿಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದಲ್ಲವೇ? ಶ್ರೀಲಂಕಾಕ್ಕೆ ಹೋಗುವುದಕ್ಕಿಂತ ಶೃಂಗೇರಿ, ಕೊಪ್ಪ, ಕಾರ್ಕಳ ಹತ್ತಿರ. ಭಾಷೆಯ ಅಡ್ಡಿಯೂ ಇಲ್ಲ.

ಶಾಸನಪ್ರಿಯ:

ಹಸಿರುಗುಡ್ಡ ಅವರೇ, ಹತ್ತಿರವಿದೆ ಎಂಬುದು ಹೋಲಿಕೆಗೆ ಸಾಕಾಗದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಆತಂಕದ ಸುತ್ತ ಬೆಳೆದ ಆ ಗುಂಪು ಒಂದು ಹೋಬಳಿಯನ್ನೂ ತನ್ನ ಹಿಡಿತದಲ್ಲಿ ಇಟ್ಟುಕೊಂಡಿರಲಿಲ್ಲ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದರ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದಾಗಲೂ, 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದಾಗಲೂ ಅದು ಕಾಡಿನಲ್ಲಿ ಸಂಚರಿಸುವ ಸಣ್ಣ ತಂಡವೇ ಆಗಿತ್ತು. ರಾತ್ರಿ ಮನೆಗೆ ಬಂದು ಊಟ ಕೇಳುವುದು, ಕರಪತ್ರ ಅಂಟಿಸುವುದು, ಸುದ್ದಿಗಾರನೆಂದು ಸಂಶಯಿಸಿ ಕೊಲ್ಲುವುದು ರಾಜಕೀಯ ಹಿಂಸಾಚಾರದ ಅಧ್ಯಯನಕ್ಕೆ ಸೇರುತ್ತವೆ. ತೆರಿಗೆ, ತೀರ್ಪು, ನೆಲದ ಹಂಚಿಕೆ ಇದ್ದದ್ದು ದಂಡಕಾರಣ್ಯದಲ್ಲಿ. ಅಲ್ಲಿ ಮಾವೋವಾದಿಗಳು ‘ಜನತನ ಸರ್ಕಾರ’ ಎಂಬ ಹೆಸರಿನಲ್ಲಿ ಸಮಿತಿಗಳನ್ನು ರಚಿಸಿದರು, ತೆಂಡು ಎಲೆಯ ದರಕ್ಕಾಗಿ ಗುತ್ತಿಗೆದಾರರ ಮೇಲೆ ಒತ್ತಡ ಹಾಕಿದರು ಮತ್ತು ಅವರಿಂದಲೇ ಹಣವನ್ನೂ ವಸೂಲಿ ಮಾಡಿದರು. ಹೋಲಿಕೆ ಬೇಕೇ ಬೇಕೆಂದರೆ ಅದು ಸರಿಯಾದ ಜೋಡಿ. ಆದರೆ ಒಂದು ಪ್ರಬಂಧಕ್ಕೆ ವನ್ನಿಯೊಂದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕಕ್ಕೂ ಎಲ್‌ಟಿಟಿಇಗೂ ಇರುವ ನೇರ ನಂಟು ಬೇರೆ ಬಗೆಯದು. ರಾಜೀವ್ ಗಾಂಧಿ ಹತ್ಯೆಯ ಪ್ರಮುಖ ಆರೋಪಿ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತು ಬಿದ್ದದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. ನೀವು ಇಲ್ಲಿ ಯಾರ ಬಳಿ ಈ ವಿಷಯವೆತ್ತಿದರೂ ಮಾತು ಮೊದಲು ಅಲ್ಲಿಗೇ ಹೋಗುತ್ತದೆ. ವನ್ನಿಯ ಪಡಿತರ ಸಾಲಿನಲ್ಲಿ ನಿಂತವರನ್ನು ಆ ಮನೆಯೊಳಗಿದ್ದವರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗದಂತೆ ಓದುಗರನ್ನು ಕರೆದೊಯ್ಯುವ ಹೊಣೆ ಕನ್ನಡದಲ್ಲಿ ಬರೆಯುವವರಿಗೆ ಇದೆ.

ನೇತ್ರಾವತಿ:

ಸಂದರ್ಶನಗಳ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಮೌಖಿಕ ಇತಿಹಾಸದ ಯೋಜನೆಗಳಲ್ಲಿ ಕೆಲಸ ಮಾಡಿದ್ದೇನೆ, ಈ ವಿಷಯ ನನಗೆ ಬಹಳ ಮನಸ್ಸಿಗೆ ಹತ್ತಿರವಾದದ್ದು.

ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ ಉತ್ತರ ಐರ್ಲೆಂಡಿನ ಮಾಜಿ ಸಶಸ್ತ್ರ ಹೋರಾಟಗಾರರ ಧ್ವನಿಮುದ್ರಿತ ಸಂದರ್ಶನಗಳನ್ನು ಸಂಗ್ರಹಿಸಿತು. ಮಾತನಾಡಿದವರಿಗೆ ತಾವು ಬದುಕಿರುವವರೆಗೆ ಇದು ಹೊರಗೆ ಬರುವುದಿಲ್ಲವೆಂಬ ಭರವಸೆ ಸಿಕ್ಕಿತ್ತು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇರೆಗೆ ಅಮೆರಿಕದ ನ್ಯಾಯಾಂಗ ಆ ಟೇಪುಗಳನ್ನು ಒಪ್ಪಿಸುವಂತೆ ಸಮನ್ಸು ಕಳುಹಿಸಿತು. 1972ರಲ್ಲಿ ಅಪಹರಣಕ್ಕೊಳಗಾಗಿ ಕೊಲೆಯಾದ ಜೀನ್ ಮೆಕ್‌ಕಾನ್‌ವಿಲ್ ಎಂಬ ವಿಧವೆ ತಾಯಿಯ ಪ್ರಕರಣದ ತನಿಖೆಗೆ ಅವು ಬೇಕಾಗಿದ್ದವು. 2014ರಲ್ಲಿ ಅದೇ ಪ್ರಕರಣದಲ್ಲಿ ಅಲ್ಲಿನ ಸಿನ್ ಫೇನ್ ಪಕ್ಷದ ನಾಯಕ ಜೆರ್ರಿ ಆಡಮ್ಸ್ ಅವರನ್ನು ಕೆಲವು ದಿನ ವಶಕ್ಕೆ ತೆಗೆದುಕೊಂಡು, ಆರೋಪ ಹೊರಿಸದೆ ಬಿಟ್ಟರು. ಆ ತಾಯಿಯ ಮಕ್ಕಳಿಗೆ ಸತ್ಯ ತಿಳಿಯುವ ಹಕ್ಕಿತ್ತು. ಮಾತನಾಡಿದವರಿಗೆ ಕೊಟ್ಟ ಮಾತೂ ಇತ್ತು. ಎರಡನ್ನೂ ಒಟ್ಟಿಗೆ ಉಳಿಸುವ ದಾರಿಯನ್ನು ಮೊದಲೇ ಯೋಚಿಸದೆ ಧ್ವನಿಮುದ್ರಣ ಆರಂಭಿಸಿದ್ದು ದೊಡ್ಡ ಹಾನಿಗೆ ಕಾರಣವಾಯಿತು. ಕಾನೂನು ಕೇಳಿದಾಗ ಉಳಿಸಿಕೊಳ್ಳಲಾಗದ ಭರವಸೆಯನ್ನು ಯಾರಿಗೂ ಕೊಡಬೇಡಿ. ಶ್ರೀಲಂಕಾದಲ್ಲಿ 1979ರ ಭಯೋತ್ಪಾದನೆ ತಡೆ ಕಾಯ್ದೆ ಇದೆ. ನಮ್ಮಲ್ಲಿ ಎಲ್‌ಟಿಟಿಇ ಮೇಲಿನ 1992ರ ನಿಷೇಧ 2024ರ ಮೇ ತಿಂಗಳಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಣೆಯಾಗಿದೆ. ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯ ಲಿಖಿತ ಅನುಮತಿಯಿಲ್ಲದೆ, ಮಾರ್ಗದರ್ಶಕರ ಗಮನಕ್ಕೆ ತಾರದೆ ಒಂದು ಮಾತುಕತೆಯನ್ನೂ ನಡೆಸಬೇಡಿ.

ಹೇಳಿಕೆ ಎಲ್ಲಿ ನಿಂತು ಕೊಟ್ಟದ್ದು ಎಂಬುದನ್ನೂ ನೋಡಬೇಕು. ವನ್ನಿಯ ಕೊನೆಯ ಆಸ್ಪತ್ರೆಗಳಲ್ಲಿದ್ದ ಸರಕಾರಿ ವೈದ್ಯರು 2009ರ ವಸಂತದಲ್ಲಿ ಶೆಲ್ ದಾಳಿ ಮತ್ತು ಸಾವುಗಳ ವಿವರವನ್ನು ದೂರವಾಣಿಯಲ್ಲಿ ಹೊರಜಗತ್ತಿಗೆ ಹೇಳುತ್ತಿದ್ದರು. ಮೇ ತಿಂಗಳಲ್ಲಿ ಅವರನ್ನು ಬಂಧಿಸಲಾಯಿತು. ಜುಲೈನಲ್ಲಿ ಕೊಲಂಬೊದಲ್ಲಿ, ಇನ್ನೂ ವಶದಲ್ಲಿದ್ದಾಗಲೇ, ಪತ್ರಿಕಾಗೋಷ್ಠಿಯಲ್ಲಿ ಕುಳಿತು ಎಲ್‌ಟಿಟಿಇ ಒತ್ತಡದಿಂದ ಸಂಖ್ಯೆಗಳನ್ನು ಹಿಗ್ಗಿಸಿ ಹೇಳಿದ್ದೆವು ಎಂದರು. ಮೊದಲ ಮಾತು ಒಂದು ಬಂದೂಕಿನ ನೆರಳಿನಲ್ಲಿ, ಎರಡನೆಯ ಮಾತು ಇನ್ನೊಂದರ ನೆರಳಿನಲ್ಲಿ. ಇಂಥಲ್ಲಿ ಹೇಳಿಕೆಗೆ ಹೇಳಿಕೆಯನ್ನು ಎದುರಿಟ್ಟರೆ ಏನೂ ತೀರ್ಮಾನವಾಗದು. ಆಸ್ಪತ್ರೆಯ ದಿನಚರಿ, ರೆಡ್‌ಕ್ರಾಸ್ ಸಮಿತಿ ಹಡಗಿನಲ್ಲಿ ಸಾಗಿಸಿದ ಗಾಯಾಳುಗಳ ವಿವರ, ಉಪಗ್ರಹ ಚಿತ್ರ ಇವುಗಳೊಂದಿಗೆ ತಾಳೆ ನೋಡಬೇಕು.

ಜಾಫ್ನಾ ವಿಶ್ವವಿದ್ಯಾಲಯದ ಶಿಕ್ಷಕರ ಮಾನವ ಹಕ್ಕುಗಳ ಸಂಘಟನೆಯ ವರದಿಗಳನ್ನು ತಪ್ಪದೆ ಓದಿ. ಸರಕಾರ, 1987ರಿಂದ 1990ರವರೆಗೆ ಅಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆ, ಎಲ್‌ಟಿಟಿಇ ಮೂವರ ಹಿಂಸೆಯನ್ನೂ ಊರು, ದಿನ ಸಹಿತ ಬರೆದಿಟ್ಟವರು ಅವರು. ಅದರ ಸ್ಥಾಪಕರಲ್ಲೊಬ್ಬರಾದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕಿ ರಜನಿ ತಿರಣಗಮ 1989ರ ಸೆಪ್ಟೆಂಬರ್ 21ರಂದು ಜಾಫ್ನಾದಲ್ಲಿ ಸೈಕಲ್ ಮೇಲೆ ಮನೆಗೆ ಮರಳುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ ಮೂವತ್ತೈದು ವರ್ಷ. ನಾವು ಇಲ್ಲಿ ಕುಳಿತು ಚರ್ಚಿಸುವ ಅನೇಕ ವಿವರಗಳು ನಮಗೆ ದಕ್ಕಿರುವುದು ಅಂಥವರು ತೆತ್ತ ಬೆಲೆಯಿಂದ.

ಇನ್ನೊಂದು ವಿಷಯ ದಾಖಲೆಗಳದ್ದು. ಇರಾಕಿನ ಮೋಸೂಲ್ ಸುತ್ತಮುತ್ತ ಐಸಿಸ್ ಬಿಟ್ಟುಹೋದ ಹದಿನೈದು ಸಾವಿರಕ್ಕೂ ಹೆಚ್ಚು ಪುಟಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಗೆ ಸಾಗಿಸಿ 2018ರಲ್ಲಿ ವರದಿ ಪ್ರಕಟಿಸಿದಾಗ, ಇದು ಇರಾಕಿನ ಜನರ ಸ್ವತ್ತು, ಇದರಲ್ಲಿ ಅವರ ಹೆಸರುಗಳಿವೆ ಎಂದು ವಿದ್ವಾಂಸರು ಆಕ್ಷೇಪಿಸಿದರು. ಅದೇ ಇರಾಕಿನಲ್ಲಿ ಐಸಿಸ್ ಕೊಟ್ಟ ಜನನಪತ್ರ, ವಿವಾಹಪತ್ರಗಳನ್ನು ಸರಕಾರ ಮಾನ್ಯ ಮಾಡದ ಕಾರಣ, ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಶಾಲೆಗೆ ಸೇರಲು ಪರದಾಡಿದರು. ಸಶಸ್ತ್ರ ಗುಂಪಿನ ಮೊಹರು ಬಿದ್ದ ಒಂದು ಕಾಗದವನ್ನು ಯಾರಾದರೂ ನಿಮ್ಮ ಕೈಗಿಟ್ಟರೆ, ಅದರ ಚಿತ್ರ ತೆಗೆಯುವ ಮೊದಲು ಆ ಕಾಗದದಿಂದ ಅವರಿಗೆ ನಾಳೆ ಏನಾಗಬಹುದೆಂದು ಕೇಳಿಕೊಳ್ಳಿ.

ಮಲಪ್ರಭಾ:

ಎಲ್ಲರ ಬರಹಗಳನ್ನೂ ಮತ್ತೆ ಮತ್ತೆ ಓದಿ, ಮಾರ್ಗದರ್ಶಕರೊಂದಿಗೂ ಚರ್ಚಿಸಿದೆ. ಎ9 ಹೆದ್ದಾರಿ ಜನರಿಗೆ ತೆರೆದ 2002ರ ಏಪ್ರಿಲ್‌ನಿಂದ ಅದು ಮತ್ತೆ ಮುಚ್ಚಿದ 2006ರ ಆಗಸ್ಟ್‌ವರೆಗಿನ ಅವಧಿಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಕೇಂದ್ರದಲ್ಲಿರುವುದು ಕಿಳಿನೊಚ್ಚಿ ಮತ್ತು ಮುಲ್ಲೈತೀವಿನ ಜಿಲ್ಲಾ ಕಚೇರಿಗಳು. ಶಿಕ್ಷಕರ ಸಂಬಳ, ಪರೀಕ್ಷೆ, ಪಡಿತರ ಮತ್ತು 2004ರ ಡಿಸೆಂಬರ್ 26ರ ಸುನಾಮಿಯ ಪರಿಹಾರ ಈ ನಾಲ್ಕು ಕೆಲಸಗಳಲ್ಲಿ ನಿರ್ಧಾರ ಯಾರದಾಗಿತ್ತು, ಖರ್ಚು ಯಾರದಾಗಿತ್ತು, ನಿರಾಕರಿಸುವ ಅವಕಾಶ ಯಾರಿಗಿತ್ತು ಎಂದು ಹುಡುಕುತ್ತೇನೆ. ಕಡಲತಡಿ ಅವರು ಹೇಳಿದ 1990ರ ಹೊರಗಟ್ಟುವಿಕೆಯನ್ನು ಹಿನ್ನೆಲೆಯೆಂದು ಒಂದು ಪ್ಯಾರಾದಲ್ಲಿ ಮುಗಿಸದೆ ಮೊದಲ ಅಧ್ಯಾಯವಾಗಿಯೇ ಇಡುತ್ತೇನೆ, ಏಕೆಂದರೆ ಆ ಕಚೇರಿಗಳ ಪಟ್ಟಿಯಲ್ಲಿ ಯಾರ ಹೆಸರಿತ್ತು ಎಂಬುದನ್ನು ಮೊದಲು ನಿರ್ಧರಿಸಿದ್ದೇ ಆ ಘಟನೆ. ಮಾಜಿ ಸದಸ್ಯರ ಸಂದರ್ಶನಗಳನ್ನು ಕೈಬಿಟ್ಟಿದ್ದೇನೆ. ನಿವೃತ್ತ ಸರಕಾರಿ ನೌಕರರನ್ನು ಅನುಮತಿ ಪಡೆದು, ಧ್ವನಿಮುದ್ರಣವಿಲ್ಲದೆ ಮಾತನಾಡಿಸುವ ಯೋಚನೆಯಿದೆ. ಅದಕ್ಕೆ ಮೊದಲು ತಮಿಳು ಕಲಿಯಬೇಕು, ಆ ಕೆಲಸ ಆರಂಭಿಸಿದ್ದೇನೆ.

ಶಾಸನಪ್ರಿಯ:

ಸುನಾಮಿಯನ್ನು ಸೇರಿಸಿದ್ದು ಒಳ್ಳೆಯದಾಯಿತು. 2005ರ ಜೂನ್ 24ರಂದು ಸರಕಾರ ಮತ್ತು ಎಲ್‌ಟಿಟಿಇ ಪರಿಹಾರ ಹಂಚಿಕೆಗೆ ಜಂಟಿ ವ್ಯವಸ್ಥೆಯೊಂದಕ್ಕೆ ಸಹಿ ಹಾಕಿದವು; ಮರುತಿಂಗಳೇ ಶ್ರೀಲಂಕಾದ ಸುಪ್ರೀಂ ಕೋರ್ಟು ಅದರ ಮುಖ್ಯ ಭಾಗಗಳಿಗೆ ತಡೆ ಕೊಟ್ಟಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಗಳಲ್ಲಿ ಬಾಯಿಮಾತಿನಲ್ಲಿ ನಡೆಯುತ್ತಿದ್ದ ವ್ಯವಹಾರ ಕಾಗದದ ಮೇಲೆ ಬಂದದ್ದು ಆಗ. ಆ ಒಪ್ಪಂದದ ಪಠ್ಯದಲ್ಲಿ ಸಮಿತಿಗಳ ರಚನೆ, ಮುಸ್ಲಿಂ ಪ್ರತಿನಿಧಿಗಳ ಸ್ಥಾನ, ನಿಧಿಯನ್ನು ಯಾರು ಇಟ್ಟುಕೊಳ್ಳಬೇಕೆಂಬ ವಿವರ ಎಲ್ಲವೂ ಇದೆ. ಅದಕ್ಕೆ ಸಹಿ ಹಾಕುವ ಮಾತುಕತೆಯಲ್ಲಿ ಮುಸ್ಲಿಂ ಪಕ್ಷಗಳನ್ನು ಕೂರಿಸಿಕೊಂಡಿರಲಿಲ್ಲ ಎಂಬುದನ್ನು ನಿಮ್ಮ ಮೊದಲ ಅಧ್ಯಾಯಕ್ಕೆ ಜೋಡಿಸಿ ಓದಿ. ಕೋರ್ಟಿನ ಆದೇಶವನ್ನೂ ಅದೇ ತಿಂಗಳುಗಳ ಸಂಸತ್ತಿನ ಚರ್ಚೆಯನ್ನೂ ಮೊದಲು ತರಿಸಿಕೊಳ್ಳಿ.